ಸಂತ ಜಿಯಾನ್ನಾ ಬೆರೆಟ್ಟಾ ಮೊಲ್ಲಾ: ಆಯ್ಕೆ ರೋಗಿಯದು, ಸಾಕ್ಷಿ ಮನಸ್ಸಾಕ್ಷಿಯದು

ಏಪ್ರಿಲ್ 28 ಸಂತ ಜಿಯಾನ್ನಾ ಬೆರೆಟ್ಟಾ ಮೊಲ್ಲಾ ಅವರ ಹಬ್ಬ. ವಿವಾಹ ತಯಾರಿ ಶಿಬಿರಗಳಲ್ಲಿ, ಸ್ತ್ರೀ ಸಂಘಟನೆಯ ಸಭೆಗಳಲ್ಲಿ ಇವರ ಹೆಸರನ್ನು ನಾವು ಮತ್ತೆ ಮತ್ತೆ ಕೇಳುತ್ತೇವೆ. ಮಗುವಿಗಾಗಿ ಪ್ರಾಣ ಕೊಟ್ಟ ತಾಯಿ ಎಂಬ ಒಂದು ಸಾಲಿನಲ್ಲಿ ಇವರ ಜೀವನಚರಿತ್ರೆ ಮುಗಿದುಹೋಗುವುದೇ ಹೆಚ್ಚು. ಆ ಮಾತು ಸತ್ಯ. ಆದರೆ ಇವರು ಯಾವ ಚಿಕಿತ್ಸೆಯನ್ನು ಸ್ವೀಕರಿಸಿದರು, ಯಾವುದನ್ನು ನಿರಾಕರಿಸಿದರು, ಆ ನಿರ್ಧಾರ ಯಾರದಾಗಿತ್ತು ಎಂಬುದನ್ನು ಸರಿಯಾಗಿ ತಿಳಿದುಕೊಳ್ಳದಿದ್ದರೆ ಇವರ ಬಲಿದಾನದ ಅರ್ಥವೇ ತಪ್ಪಿಹೋದೀತು.

ಜಿಯಾನ್ನಾ ಹುಟ್ಟಿದ್ದು 1922ರ ಅಕ್ಟೋಬರ್ 4ರಂದು, ಇಟಲಿಯ ಮಿಲಾನ್ ನಗರದ ಸಮೀಪದ ಮಜೆಂತಾ ಎಂಬ ಊರಿನಲ್ಲಿ. ತಂದೆ ಅಲ್ಬೆರ್ತೊ ಬೆರೆಟ್ಟಾ, ತಾಯಿ ಮರಿಯಾ. ಹದಿಮೂರು ಮಕ್ಕಳಲ್ಲಿ ಇವರು ಹತ್ತನೆಯವರು. ದಿನನಿತ್ಯದ ಬಲಿಪೂಜೆ, ಸಂಜೆಯ ಜಪಮಾಲೆ, ಬಡವರಿಗೆ ನೆರವು, ಇವು ಆ ಮನೆಯ ರೂಢಿಗಳಾಗಿದ್ದವು. ಒಡಹುಟ್ಟಿದವರಲ್ಲಿ ಇಬ್ಬರು ಗುರುಗಳಾದರು. ಅವರಲ್ಲಿ ಕಪುಚಿನ್ ಸಭೆಯ ಫಾದರ್ ಅಲ್ಬೆರ್ತೊ ವೈದ್ಯರಾಗಿ ಬ್ರೆಜಿಲ್ ದೇಶದ ಮಿಷನ್‌ಗೆ ಹೋದರು. ಸಹೋದರಿ ವರ್ಜೀನಿಯಾ ಕನೋಸಾ ಸಭೆಯ ಧರ್ಮಭಗಿನಿಯಾಗಿ, ವೈದ್ಯೆಯಾಗಿ ನಮ್ಮ ಭಾರತದಲ್ಲಿ ಸೇವೆ ಸಲ್ಲಿಸಿದರು.

1942ರಲ್ಲಿ, ಒಂದೇ ವರ್ಷದೊಳಗೆ, ಜಿಯಾನ್ನಾ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡರು. ಯುದ್ಧದ ದಿನಗಳು. ಆದರೂ ಓದು ನಿಲ್ಲಿಸಲಿಲ್ಲ. 1949ರಲ್ಲಿ ಪಾವಿಯಾ ವಿಶ್ವವಿದ್ಯಾನಿಲಯದಿಂದ ವೈದ್ಯಕೀಯ ಪದವಿ ಪಡೆದರು. ಮರುವರ್ಷ ಮೆಸೆರೊ ಎಂಬ ಹಳ್ಳಿಯಲ್ಲಿ ಚಿಕಿತ್ಸಾಲಯ ತೆರೆದರು. 1952ರಲ್ಲಿ ಮಿಲಾನಿನಲ್ಲಿ ಮಕ್ಕಳ ಚಿಕಿತ್ಸೆಯಲ್ಲಿ ಪರಿಣತಿ ಗಳಿಸಿದರು. ತಾಯಂದಿರು, ಮಕ್ಕಳು, ವೃದ್ಧರು, ಬಡವರು ಇವರ ಮೊದಲ ಕಾಳಜಿಯಾಗಿದ್ದರು. ಕಥೋಲಿಕ ಕ್ರಿಯಾ ಸಂಘಟನೆಯಲ್ಲಿ ಯುವತಿಯರ ಮುಂದಾಳಾಗಿ, ಸಂತ ವಿನ್ಸೆಂಟ್ ಪಾವ್ಲ್ ಸಭೆಯಲ್ಲಿ ಸೇವಕಿಯಾಗಿ ದುಡಿದರು. ಪರ್ವತ ಹತ್ತುವುದು, ಹಿಮದ ಮೇಲೆ ಸ್ಕೀಯಿಂಗ್ ಮಾಡುವುದು, ಚಿತ್ರ ಬಿಡಿಸುವುದು ಇವರಿಗೆ ಬಹಳ ಇಷ್ಟ. ಸಂತರೆಂದರೆ ಸದಾ ಗಂಭೀರ ಮುಖದವರೆಂದು ಭಾವಿಸುವ ನಮ್ಮ ಯುವಜನರು ಇದನ್ನು ಗಮನಿಸಬೇಕು.

ಅಣ್ಣನಂತೆ ಬ್ರೆಜಿಲ್‌ಗೆ ಹೋಗುವ ಆಸೆ ಇವರಿಗಿತ್ತು. ಆರೋಗ್ಯ ಅದಕ್ಕೆ ಒಪ್ಪಲಿಲ್ಲ. ಬಹಳ ಪ್ರಾರ್ಥನೆಯ ನಂತರ ವಿವಾಹ ಜೀವನವೇ ತಮ್ಮ ದೈವಕರೆ ಎಂದು ಅರಿತರು. 1955ರ ಸೆಪ್ಟೆಂಬರ್ 24ರಂದು ಎಂಜಿನಿಯರ್ ಪಿಯೆತ್ರೊ ಮೊಲ್ಲಾ ಅವರನ್ನು ವರಿಸಿದರು. ಪಿಯೆತ್ರೊ ಆ ಊರಿನ ಬೆಂಕಿಕಡ್ಡಿ ಕಾರ್ಖಾನೆಯಲ್ಲಿ ಹಿರಿಯ ಹುದ್ದೆಯಲ್ಲಿದ್ದವರು. 1956ರಿಂದ 1959ರೊಳಗೆ ಪಿಯರ್‌ಲುಯಿಜಿ, ಮರಿಯೊಲೀನಾ, ಲಾವ್ರಾ ಎಂಬ ಮೂವರು ಮಕ್ಕಳು ಹುಟ್ಟಿದರು. ಜಿಯಾನ್ನಾ ಮನೆಯನ್ನೂ ಚಿಕಿತ್ಸಾಲಯವನ್ನೂ ಒಟ್ಟಿಗೆ ನಡೆಸಿಕೊಂಡು ಬಂದರು.

1961ರಲ್ಲಿ ಮತ್ತೆ ಗರ್ಭಿಣಿಯಾದಾಗ, ಎರಡನೆಯ ತಿಂಗಳ ಹೊತ್ತಿಗೆ ಗರ್ಭಕೋಶದಲ್ಲಿ ಗಡ್ಡೆ ಇರುವುದು ತಿಳಿದುಬಂತು. ಮುಂದಿದ್ದ ದಾರಿಗಳು ಮೂರು. ಗಡ್ಡೆಯ ಜೊತೆಗೆ ಗರ್ಭಕೋಶವನ್ನೇ ತೆಗೆಯುವುದು. ತಾಯಿಗೆ ಹೆಚ್ಚು ಸುರಕ್ಷಿತ, ಆದರೆ ಮಗು ಉಳಿಯದು. ಗಡ್ಡೆ ತೆಗೆದು ಗರ್ಭಪಾತ ಮಾಡಿಸುವುದು ಎರಡನೆಯದು. ಗರ್ಭಕ್ಕೆ ಕೈಹಚ್ಚದೆ ಗಡ್ಡೆಯನ್ನು ಮಾತ್ರ ತೆಗೆಯುವುದು ಮೂರನೆಯದು. ತಾಯಿಗೆ ಅತಿ ಹೆಚ್ಚು ಅಪಾಯವಿದ್ದದ್ದು ಇದರಲ್ಲಿಯೇ. ಸ್ವತಃ ವೈದ್ಯೆಯಾಗಿದ್ದ ಜಿಯಾನ್ನಾ ಎಲ್ಲವನ್ನೂ ತಿಳಿದೇ ಮೂರನೆಯದನ್ನು ಆರಿಸಿಕೊಂಡರು. ಸೆಪ್ಟೆಂಬರ್ 6ರಂದು ಮೊಂಜಾ ಪಟ್ಟಣದ ಸಾನ್ ಜೆರಾರ್ದೊ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಮಗು ಉಳಿಯಿತು. ಚೇತರಿಸಿಕೊಂಡ ಜಿಯಾನ್ನಾ ಮತ್ತೆ ರೋಗಿಗಳನ್ನು ನೋಡತೊಡಗಿದರು.

ಇಲ್ಲಿ ನಾವು ಎರಡು ವಿಷಯಗಳನ್ನು ಸ್ಪಷ್ಟಪಡಿಸಬೇಕು. ಮೊದಲನೆಯದು, ಇವರು ಸಾವನ್ನು ಬಯಸಿದವರಲ್ಲ. ವೈದ್ಯವಿಜ್ಞಾನವನ್ನು ತಿರಸ್ಕರಿಸಿ ಪ್ರಾರ್ಥನೆಯೊಂದೇ ಸಾಕೆಂದು ಕುಳಿತವರೂ ಅಲ್ಲ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು, ಬದುಕುವ ಆಸೆಯಿಂದಲೇ ಮಾಡಿಸಿಕೊಂಡರು. ಎರಡನೆಯದು, ಗರ್ಭಪಾತವನ್ನು ಧರ್ಮಸಭೆ ಎಂದೂ ಒಪ್ಪುವುದಿಲ್ಲ. ಆದರೆ ತಾಯಿಯ ಗಂಭೀರ ಕಾಯಿಲೆಗೆ ಅಗತ್ಯವಾದ ಚಿಕಿತ್ಸೆಯಿಂದ, ಯಾರೂ ಬಯಸದೆ, ಗರ್ಭದ ಮಗು ಸಾವನ್ನಪ್ಪಿದರೆ ಅದನ್ನು ಗರ್ಭಪಾತವೆಂದು ನಮ್ಮ ನೈತಿಕ ದೇವಶಾಸ್ತ್ರ ಎಣಿಸುವುದಿಲ್ಲ. ಹಾಗಾಗಿ ಜಿಯಾನ್ನಾ ಮೊದಲನೆಯ ದಾರಿಯನ್ನು ಹಿಡಿದಿದ್ದರೂ ಅವರ ಮೇಲೆ ಪಾಪದ ಹೊರೆ ಇರುತ್ತಿರಲಿಲ್ಲ. ಅವರು ಮಾಡಿದ್ದು ಕಟ್ಟಳೆಯನ್ನು ಮೀರಿದ ಪ್ರೀತಿಯ ದಾನ. ದಾನವನ್ನು ಯಾರೂ ಯಾರಿಂದಲೂ ಬಲವಂತವಾಗಿ ಕೇಳುವಂತಿಲ್ಲ.

ಹೆರಿಗೆಯ ದಿನ ಹತ್ತಿರವಾದಾಗ ಅವರು ಪತಿಗೆ ತಮ್ಮ ಇಚ್ಛೆಯನ್ನು ಖಡಾಖಂಡಿತವಾಗಿ ತಿಳಿಸಿದರು: ತಾಯಿ ಅಥವಾ ಮಗು ಎಂಬ ಪ್ರಶ್ನೆ ಎದ್ದರೆ ಮಗುವನ್ನೇ ಉಳಿಸಬೇಕು. ಮೂರು ಎಳೆಯ ಮಕ್ಕಳ ತಂದೆಗೆ ಆ ಮಾತು ಎಷ್ಟು ಭಾರವಾಗಿದ್ದಿರಬೇಕು! ಆದರೂ ಪಿಯೆತ್ರೊ ಪತ್ನಿಯ ಮನಸ್ಸಾಕ್ಷಿಗೆ ಅಡ್ಡಬರಲಿಲ್ಲ. 1962ರ ಶುಭ ಶುಕ್ರವಾರದಂದು ಜಿಯಾನ್ನಾ ಆಸ್ಪತ್ರೆ ಸೇರಿದರು. ಮರುದಿನ, ಏಪ್ರಿಲ್ 21ರ ಪವಿತ್ರ ಶನಿವಾರ, ಸಿಸೇರಿಯನ್ ಮೂಲಕ ಹೆಣ್ಣುಮಗು ಹುಟ್ಟಿತು. ಕೆಲವೇ ಗಂಟೆಗಳಲ್ಲಿ ತಾಯಿಯ ಸ್ಥಿತಿ ಹದಗೆಟ್ಟಿತು. ಹೊಟ್ಟೆಯ ಒಳಪೊರೆಗೆ ಸೋಂಕು ತಗಲಿತ್ತು. ವೈದ್ಯರ ಪ್ರಯತ್ನಗಳು ಫಲಿಸಲಿಲ್ಲ. ಭಾರತದಿಂದ ಬಂದಿದ್ದ ತಂಗಿ ಸಿಸ್ಟರ್ ವರ್ಜೀನಿಯಾ ಆ ನೋವಿನ ದಿನಗಳಲ್ಲಿ ಪಕ್ಕದಲ್ಲಿದ್ದರು. ಕೊನೆಗೆ ಮನೆಗೆ ಕರೆತರಲಾಯಿತು. ಏಪ್ರಿಲ್ 28ರ ಬೆಳಿಗ್ಗೆ, 39ನೆಯ ವಯಸ್ಸಿನಲ್ಲಿ, ಜಿಯಾನ್ನಾ ಪ್ರಭುವಿನಲ್ಲಿ ನಿದ್ರಿಸಿದರು. ಮಗುವಿಗೆ ತಾಯಿಯ ಹೆಸರನ್ನೇ ಸೇರಿಸಿ ಜಿಯಾನ್ನಾ ಎಮಾನುಯೆಲಾ ಎಂದು ಹೆಸರಿಡಲಾಯಿತು. ಮುಂದೆ ಆಕೆಯೂ ವೈದ್ಯೆಯಾದರು.

ಜಗದ್ಗುರು ಎರಡನೆಯ ಜಾನ್ ಪಾವ್ಲ್ 1994ರ ಏಪ್ರಿಲ್ 24ರಂದು ಇವರನ್ನು ಪುನೀತರೆಂದೂ 2004ರ ಮೇ 16ರಂದು ಸಂತರೆಂದೂ ಘೋಷಿಸಿದರು. ವೃದ್ಧ ಪಿಯೆತ್ರೊ ಮಕ್ಕಳೊಂದಿಗೆ ಪತ್ನಿಯ ಸಂತ ಪದವಿಯ ಸಮಾರಂಭದಲ್ಲಿ ಹಾಜರಿದ್ದರು. 2010ರಲ್ಲಿ ಅವರೂ ತೀರಿಕೊಂಡರು.

ಈ ಜೀವನ ನಮ್ಮ ಇಂದಿನ ಒಂದು ಪ್ರಶ್ನೆಗೆ ಬೆಳಕು ಚೆಲ್ಲುತ್ತದೆ. ಚಿಕಿತ್ಸೆಯ ತೀರ್ಮಾನ ಯಾರದು? ಹಿತಕ್ಕೆ ತಕ್ಕ ಸಾಮಾನ್ಯ ಚಿಕಿತ್ಸೆಯನ್ನು ಪಡೆಯುವುದು ಕರ್ತವ್ಯ, ಅಸಾಧಾರಣ ಕ್ರಮಗಳಿಗೆ ಯಾರೂ ಬದ್ಧರಲ್ಲ ಎಂದು ಜಗದ್ಗುರು ಹನ್ನೆರಡನೆಯ ಪಿಯುಸ್ 1957ರಲ್ಲೇ ವೈದ್ಯರಿಗೆ ತಿಳಿಸಿದ್ದರು. ಅತಿ ಭಾರವಾದ, ಅಪಾಯಕರವಾದ, ಫಲಕ್ಕೆ ತಕ್ಕುದಲ್ಲದ ಚಿಕಿತ್ಸೆಯನ್ನು ನಿಲ್ಲಿಸುವುದು ನ್ಯಾಯವಾಗಿರಬಹುದು, ಶಕ್ತನಾದ ರೋಗಿಯೇ ಅದನ್ನು ತೀರ್ಮಾನಿಸಬೇಕು ಎಂದು ಧರ್ಮೋಪದೇಶದ 2278ನೆಯ ವಿಧಿ ಕಲಿಸುತ್ತದೆ. ಸಾವನ್ನು ಬರಮಾಡುವ ದಯಾಮರಣ ಬೇರೆ. ಬರುವ ಸಾವನ್ನು ಸ್ವೀಕರಿಸುವುದು ಬೇರೆ. ನಮ್ಮ ದೇಶದಲ್ಲಿ ಸುಪ್ರೀಂ ಕೋರ್ಟ್ 2018ರ ತೀರ್ಪಿನಲ್ಲಿ ಚಿಕಿತ್ಸೆ ಬೇಡವೆನ್ನುವ ಹಕ್ಕನ್ನು, ಅದನ್ನು ಮುಂಚಿತವಾಗಿ ಬರೆದಿಡುವ ಅವಕಾಶವನ್ನು ಮಾನ್ಯ ಮಾಡಿತು. 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಅದರ ಜಾರಿಗೆ ಆದೇಶ ಹೊರಡಿಸಿತು. ಕಾನೂನು ಬಾಗಿಲು ತೆರೆದಿದೆ. ಒಳಗೆ ಹೇಗೆ ನಡೆಯಬೇಕೆಂದು ಮನಸ್ಸಾಕ್ಷಿಯನ್ನು ರೂಪಿಸುವ ಹೊಣೆ ನಮ್ಮದು.

ನಮ್ಮ ಮನೆಗಳಲ್ಲಿ ರೋಗಿಗೆ ಕಾಯಿಲೆಯ ಹೆಸರನ್ನೇ ಹೇಳದೆ ಮಕ್ಕಳು, ಸಂಬಂಧಿಕರು ತೀರ್ಮಾನಿಸುವುದುಂಟು. ಖರ್ಚಿನ ಲೆಕ್ಕ ರೋಗಿಯ ಇಚ್ಛೆಗಿಂತ ಮುಂದೆ ನಿಲ್ಲುವುದುಂಟು. ಜಿಯಾನ್ನಾ ಅವರ ಹೆಸರು ಹೇಳಿ ಸಂಕಟದಲ್ಲಿರುವ ಗರ್ಭಿಣಿಯ ಮೇಲೆ ಒತ್ತಡ ಹೇರುವುದೂ ಸರಿಯಲ್ಲ. ಆಕೆಗೆ ಬೇಕಾದದ್ದು ನಿಜವಾದ ಮಾಹಿತಿ, ಒಳ್ಳೆಯ ವೈದ್ಯರು, ನಮ್ಮ ಪ್ರಾರ್ಥನೆ ಮತ್ತು ಕೈಯಾಸರೆ. ಗುರುಗಳು, ಗುರಿಕಾರರು, ರೋಗಿಗಳ ಭೇಟಿಗೆ ಹೋಗುವ ಕಾರ್ಯಕರ್ತರು ಮೊದಲು ರೋಗಿಯ ಮಾತನ್ನು ಆಲಿಸೋಣ. ಅಂತ್ಯಕಾಲದವರೆಗೆ ಕಾಯದೆ, ಪ್ರಜ್ಞೆ ಇರುವಾಗಲೇ ಅಭ್ಯಂಗ ಸಂಸ್ಕಾರ ದೊರಕುವಂತೆ ನೋಡಿಕೊಳ್ಳೋಣ.

ತಾಯಿಯೂ ವೈದ್ಯೆಯೂ ಆದ ಸಂತ ಜಿಯಾನ್ನಾ, ಆಸ್ಪತ್ರೆಯ ಹಾಸಿಗೆಯಲ್ಲಿ ಕಷ್ಟದ ತೀರ್ಮಾನದ ಮುಂದಿರುವ ಎಲ್ಲರಿಗಾಗಿ ಪ್ರಭುವಿನಲ್ಲಿ ಬಿನ್ನವಿಸಲಿ.