ಈಜಿನ ಮೊದಲ ಚಿನ್ನದ ಹುಡುಗಿ – ಫ್ಯಾನಿ ಡ್ಯುರಾಕ್

ಒಲಿಂಪಿಕ್ಸ್ ಈಜಿನಲ್ಲಿ ಚಿನ್ನ ಗೆದ್ದ ಮೊದಲ ಮಹಿಳೆ ಯಾರು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರಿಗೆ ಹೆಸರು ಹೊಳೆಯಲಾರದು. ಆಕೆ ಆಸ್ಟ್ರೇಲಿಯಾದ ಫ್ಯಾನಿ ಡ್ಯುರಾಕ್. ಆಕೆಯ ಬದುಕಿನಲ್ಲಿ ನಮ್ಮಂಥ ಮಹಿಳಾ ಸಂಘವೊಂದರ ಪಾತ್ರವೂ ಇದೆ. ಅದಕ್ಕೇ ಈ ಸಂಚಿಕೆಗೆ ಆಕೆಯನ್ನು ಆರಿಸಿಕೊಂಡೆ.

ಫ್ಯಾನಿ ಹುಟ್ಟಿದ್ದು 1889ರಲ್ಲಿ, ಸಿಡ್ನಿಯಲ್ಲಿ. ಐರಿಶ್ ಮೂಲದ ಕುಟುಂಬ. ಕೂಜೀ ಕಡಲತೀರದ ಈಜುಕೊಳದಲ್ಲಿ ಈಜು ಕಲಿತಳು. ಆಗ ಹೆಂಗಸರಿಗೆ ಬ್ರೆಸ್ಟ್‌ಸ್ಟ್ರೋಕ್ ಸ್ಪರ್ಧೆ ಮಾತ್ರ ಇತ್ತು. 1906ರಲ್ಲಿ ಮೊದಲ ರಾಜ್ಯ ಪ್ರಶಸ್ತಿ ಗೆದ್ದಳು. ಕೆಲವು ವರ್ಷಗಳ ನಂತರ ಕ್ರಾಲ್ ಶೈಲಿಗೆ ಬದಲಾಯಿಸಿಕೊಂಡಳು. ಗೆಳತಿ ಮೀನಾ ವೈಲಿಯೇ ಆಕೆಯ ದೊಡ್ಡ ಎದುರಾಳಿ. ನೀರಿನಲ್ಲಿ ಪೈಪೋಟಿ, ದಡದಲ್ಲಿ ಸ್ನೇಹ.

1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಮಹಿಳೆಯರ ಈಜು ಸೇರಿತು. ಆದರೆ ಗಂಡಸರು ಇರುವ ಕಡೆ ಸದಸ್ಯೆಯರು ಸ್ಪರ್ಧಿಸಬಾರದು ಎಂಬ ನಿಯಮ ಆ ರಾಜ್ಯದ ಮಹಿಳಾ ಈಜು ಸಂಘದಲ್ಲಿತ್ತು. ನಿಯಮವನ್ನು ಬಲವಾಗಿ ಹಿಡಿದಿದ್ದವರು ಅಧ್ಯಕ್ಷೆ ರೋಸ್ ಸ್ಕಾಟ್. ಅವರೇನು ಸಾಮಾನ್ಯರಲ್ಲ, ಹೆಂಗಸರ ಮತದಾನದ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿ 1902ರಲ್ಲಿ ಅದು ಸಿಕ್ಕಿದ್ದನ್ನು ಕಂಡವರು. ಹುಡುಗಿಯರ ಮಾನ ಕಾಯಬೇಕೆಂಬ ಕಾಳಜಿಯೇ ಅವರದು.

ನಾನು ನೀರಿಗಿಳಿದದ್ದು ನಲವತ್ತೆಂಟನೇ ವಯಸ್ಸಿನಲ್ಲಿ, ಅದೂ ನಮ್ಮ ಬಡಾವಣೆಯ ಈಜುಕೊಳದಲ್ಲಿ ಲೇಡೀಸ್ ಬ್ಯಾಚ್ ಇದ್ದದ್ದರಿಂದ. ಹಾಗಾಗಿ ರೋಸ್ ಸ್ಕಾಟ್ ಅವರ ಅಳುಕು ನನಗೆ ಅರ್ಥವಾಗುತ್ತದೆ. ಆದರೆ ಕಲಿಯಲು ಧೈರ್ಯ ಕೊಡುವ ಮರೆಯೇ ಮುಂದೆ ಹೋಗುವವಳಿಗೆ ಗೋಡೆಯಾಗಬಾರದಲ್ಲ!

ಜನರ ಒತ್ತಾಯಕ್ಕೆ ಮಣಿದು ಸಂಘ ನಿಯಮ ಸಡಿಲಿಸಿತು. ರೋಸ್ ಸ್ಕಾಟ್ ರಾಜೀನಾಮೆ ಕೊಟ್ಟರು. ಹೋಗಲು ಒಪ್ಪಿಗೆ ಸಿಕ್ಕರೂ ಖರ್ಚು ಹುಡುಗಿಯರದೇ. ನಾಟಕ ಕಂಪನಿಯ ಮಾಲೀಕ ಹ್ಯೂ ಮ್ಯಾಕಿಂಟಾಷ್ ಅವರ ಪತ್ನಿ ಮುಂದೆ ನಿಂತು ಫ್ಯಾನಿಗಾಗಿ ಚಂದಾ ಎತ್ತಿದರು. ಫ್ಯಾನಿಯ ಜೊತೆ ಅವಳ ಅಕ್ಕತಂಗಿಯರಲ್ಲೊಬ್ಬಳು, ಮೀನಾಳ ಜೊತೆ ಅವಳ ತಂದೆ ಕಾವಲಿಗೆ ಹೊರಟರು.

ಸ್ಟಾಕ್‌ಹೋಮ್‌ನಲ್ಲಿ ಈಜು ನಡೆದದ್ದು ಕೊಲ್ಲಿಯ ನೀರಿನಲ್ಲಿ. 100 ಮೀಟರ್ ಫ್ರೀಸ್ಟೈಲ್‌ನ ಆರಂಭಿಕ ಸುತ್ತಿನಲ್ಲೇ ಫ್ಯಾನಿ 1 ನಿಮಿಷ 19.8 ಸೆಕೆಂಡಿನಲ್ಲಿ ವಿಶ್ವದಾಖಲೆ ಬರೆದಳು. ಫೈನಲ್‌ನಲ್ಲಿ 1 ನಿಮಿಷ 22.2 ಸೆಕೆಂಡಿನಲ್ಲಿ ಚಿನ್ನ, ಬೆಳ್ಳಿ ಮೀನಾಳಿಗೆ. 1896ರ ಮೊದಲ ಒಲಿಂಪಿಕ್ಸ್‌ನಲ್ಲಿ ಪುರುಷರ 100 ಮೀಟರ್ ಗೆದ್ದವರ ಸಮಯವೂ ಇಷ್ಟೇ! ರಿಲೇಗೆ ನಾಲ್ವರು ಬೇಕು, ಇವರು ಇಬ್ಬರೇ. ಒಬ್ಬೊಬ್ಬರು ಎರಡೆರಡು ಸಲ ಈಜುತ್ತೇವೆ ಎಂದು ಕೇಳಿಕೊಂಡರು, ಒಪ್ಪಿಗೆ ಸಿಗಲಿಲ್ಲ.

1912ರಿಂದ 1918ರೊಳಗೆ ಫ್ಯಾನಿ ಹನ್ನೆರಡು ವಿಶ್ವದಾಖಲೆ ಮುರಿದಳು. ಆದರೆ ಯುದ್ಧದಿಂದಾಗಿ 1916ರ ಒಲಿಂಪಿಕ್ಸ್ ನಡೆಯಲೇ ಇಲ್ಲ. ಇಬ್ಬರೂ ಅನುಮತಿಯಿಲ್ಲದೆ ಅಮೆರಿಕ ಪ್ರವಾಸ ಹೋದಾಗ ಸ್ವದೇಶದ ಒಕ್ಕೂಟ ನಿಷೇಧ ಹೇರಿತು. 1919ರಲ್ಲಿ ಖರ್ಚಿನ ತಕರಾರು ಎದ್ದು ಅಮೆಚೂರ್ ಸ್ಥಾನಕ್ಕೇ ಕುತ್ತು ಬಂತು. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ತಂಡ ಹೊರಡಲು ಒಂದು ವಾರವಿದ್ದಾಗ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ. ಹಿಂದೆಯೇ ಟೈಫಾಯ್ಡ್, ನ್ಯುಮೋನಿಯಾ. ಅಲ್ಲಿಗೆ ಆ ಕನಸು ಮುಗಿಯಿತು.

1921ರ ಜನವರಿಯಲ್ಲಿ ಸ್ಪರ್ಧೆಯಿಂದ ನಿವೃತ್ತಿ, ಅದೇ ತಿಂಗಳು ಕುದುರೆ ತರಬೇತುದಾರ ಬರ್ನಾರ್ಡ್ ಗೇಟ್ಲಿ ಅವರೊಂದಿಗೆ ಮದುವೆ. ಮುಂದೆ ಮಕ್ಕಳಿಗೆ ಈಜು ಕಲಿಸಿದರು. 1945ರಲ್ಲಿ ಅದೇ ರಾಜ್ಯದ ಮಹಿಳಾ ಈಜು ಸಂಘ ಅವರಿಗೆ ಆಜೀವ ಸದಸ್ಯತ್ವ ಕೊಟ್ಟಿತು. 1956ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. 1967ರಲ್ಲಿ ಅಂತರರಾಷ್ಟ್ರೀಯ ಈಜು ಕೀರ್ತಿಭವನದಲ್ಲಿ ಅವರ ಹೆಸರು ಸೇರಿತು.

ನಾವೂ ಸಂಘ ಕಟ್ಟಿಕೊಂಡವರು, ನಿಯಮ ಮಾಡುವವರು. ಹುಡುಗಿಯೊಬ್ಬಳು ಹೊಸ ದಾರಿ ಹಿಡಿದು ನಮ್ಮ ಮುಂದೆ ಬಂದಾಗ ನಾವು ರೋಸ್ ಸ್ಕಾಟ್ ಅವರ ಕಡೆಯೋ, ಚಂದಾ ಎತ್ತಿದ ಆ ಹೆಣ್ಣುಮಗಳ ಕಡೆಯೋ? ಗೆಳತಿಯರೇ, ಮುಂದಿನ ಸಭೆಯಲ್ಲಿ ಇದನ್ನು ಮಾತಾಡೋಣ.