ಮನೆಯ ಪತ್ತೇದಾರಿಣಿ ವರ್ಜೀನಿಯಾ ಸಟೀರ್

ಕಾಮರ್ಸ್ ಓದೋನಿಗೆ ಮನಶ್ಶಾಸ್ತ್ರದ ಉಸಾಬರಿ ಯಾಕೆ ಅಂತ ಗೆಳೆಯರು ನಗಬಹುದು. ಆದರೆ ವರ್ಜೀನಿಯಾ ಸಟೀರ್ ಅವರ ಬದುಕನ್ನು ಓದಿದ ಮೇಲೆ ನನಗೆ ಬರೆಯದೆ ಇರಲಾಗಲಿಲ್ಲ.

1916ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಹುಟ್ಟಿದ ಇವರು ಐವರು ಮಕ್ಕಳಲ್ಲಿ ಹಿರಿಯರು. ಐದು ವರ್ಷದವರಿದ್ದಾಗ ವಿಪರೀತ ಹೊಟ್ಟೆನೋವು ಬಂತು. ಪ್ರಾರ್ಥನೆಯಿಂದಲೇ ರೋಗ ವಾಸಿಯಾಗುತ್ತದೆಂದು ನಂಬಿದ್ದ ತಾಯಿ ಡಾಕ್ಟರು ಬೇಡವೆಂದರು. ತಂದೆ ಪಟ್ಟುಹಿಡಿದು ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಅಪೆಂಡಿಕ್ಸ್ ಒಡೆದಿತ್ತು. ಮಗು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಬದುಕಿತು. ದೊಡ್ಡವಳಾದ ಮೇಲೆ ತಂದೆತಾಯಿಯರ ಒಳಗುಟ್ಟು ಪತ್ತೆಹಚ್ಚುವ ಪತ್ತೇದಾರಿಣಿ ಆಗಬೇಕೆಂದು ಆ ವಯಸ್ಸಿನಲ್ಲೇ ನಿಶ್ಚಯಿಸಿದ್ದರಂತೆ.

ಮೊದಲು ಶಾಲೆಯಲ್ಲಿ ಟೀಚರಾಗಿದ್ದರು, ಆಮೇಲೆ ಸಮಾಜಕಾರ್ಯ ಕಲಿತರು. 1951ರಲ್ಲಿ ಇವರ ಚಿಕಿತ್ಸೆಯಿಂದ ಒಬ್ಬ ಯುವತಿ ಸುಧಾರಿಸಿದಳು. ಆಕೆಯ ತಾಯಿ ಕೋರ್ಟಿಗೆ ಹೋಗುತ್ತೇನೆಂದು ಜಗಳಕ್ಕೆ ನಿಂತಳು. ಸಟೀರ್ ತಾಯಿಯನ್ನೂ ಕರೆದು ಕೂರಿಸಿದರು. ಕೂತದ್ದೇ ತಡ, ಹುಡುಗಿ ಮತ್ತೆ ಮೊದಲಿನಂತಾದಳು! ಮುಂದೆ ತಂದೆ ಬಂದರು, ಮಗನೂ ಬಂದ. ಒಬ್ಬೊಬ್ಬರು ಬಂದಾಗಲೂ ಉಳಿದವರ ವರ್ತನೆ ಬದಲಾಯಿತು. ನಮ್ಮ ಲೆಡ್ಜರಿನ ಹಾಗೇ ಇದು: ಒಂದೇ ಬದಿ ನೋಡಿದರೆ ಲೆಕ್ಕ ತಾಳೆಯಾಗದು.

1959ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಮೆಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಸೇರಿ, ಕುಟುಂಬ ಚಿಕಿತ್ಸೆಯನ್ನು ಕಲಿಸತೊಡಗಿದರು. 1964ರಲ್ಲಿ ಆ ಬಗ್ಗೆ ಪುಸ್ತಕ ಬರೆದರು. ಮನೆಯವರನ್ನು ಗೊಂಬೆಗಳಂತೆ ನಿಲ್ಲಿಸಿ, ಬೆರಳು ತೋರಿಸಿ ದೂರುವವರು ಯಾರು, ಮಂಡಿಯೂರಿ ಓಲೈಸುವವರು ಯಾರು ಎಂದು ಅವರಿಗೇ ಕಾಣಿಸುತ್ತಿದ್ದರು. 1988ರಲ್ಲಿ ತೀರಿಕೊಂಡರು.

ಮಗ ಹಾದಿತಪ್ಪಿದ ಅಂದರೆ ನಾವು ಮಗನನ್ನೇ ಬೈತೀವಿ. ಅಪ್ಪ ಅಮ್ಮನ ನಡುವೆ ಮಾತು ನಿಂತು ಎಷ್ಟು ದಿನವಾಯಿತು ಅಂತ ಕೇಳೋರು ಯಾರು?