ಒಂಟಿ ಕಾಲಿನ ಓಟಗಾರ ಟೆರಿ ಫಾಕ್ಸ್

ಈ ಸಲದ ಗೋಡೆ ಪತ್ರಿಕೆಗೆ ನಾನು ಕೆನಡಾ ದೇಶದ ಟೆರಿ ಫಾಕ್ಸ್ ಅವರ ಜೀವನ ಚರಿತ್ರೆ ಬರೆದಿದ್ದೇನೆ. ಇವರು ರಾಜರೂ ಅಲ್ಲ, ಮಂತ್ರಿಯೂ ಅಲ್ಲ. ಬದುಕಿದ್ದು 22 ವರ್ಷ ಮಾತ್ರ. ಆದರೂ ಇವರ ಹೆಸರು ಎಷ್ಟೋ ದೇಶಗಳಲ್ಲಿ ಗೊತ್ತು.

ಟೆರಿ ಫಾಕ್ಸ್ ಅವರು 1958ನೇ ಇಸವಿ ಜುಲೈ 28ರಂದು ವಿನ್ನಿಪೆಗ್ ಎಂಬ ನಗರದಲ್ಲಿ ಜನಿಸಿದರು. ತಾಯಿಯ ಹೆಸರು ಬೆಟ್ಟಿ. ಚಿಕ್ಕಂದಿನಿಂದಲೂ ಇವರಿಗೆ ಆಟ ಅಂದ್ರೆ ಪ್ರಾಣ. ಕುಳ್ಳಗಿದ್ದರೂ ಹಠ ಹಿಡಿದು ಬಾಸ್ಕೆಟ್‌ಬಾಲ್ ಕಲಿತರು. ಮುಂದೆ ಪಿ.ಟಿ. ಮೇಷ್ಟ್ರಾಗಬೇಕು ಅಂತ ಕಾಲೇಜು ಸೇರಿದರು.

ಆಗ ಬಲ ಮಂಡಿ ನೋಯಲು ಶುರುವಾಯಿತು. ಏನೋ ಪೆಟ್ಟು ಬಿದ್ದಿರಬೇಕು ಅಂದುಕೊಂಡು, ಆಟದ ಪಂದ್ಯಗಳೆಲ್ಲ ಮುಗಿಯುವವರೆಗೂ ಸುಮ್ಮನಿದ್ದರು. 1977ರ ಮಾರ್ಚ್ ತಿಂಗಳಲ್ಲಿ ಡಾಕ್ಟರಿಗೆ ತೋರಿಸಿದಾಗ ಅದು ಮೂಳೆ ಕ್ಯಾನ್ಸರ್ ಅಂತ ತಿಳಿಯಿತು. ಈ ಕಾಯಿಲೆ ಬಹಳ ಅಪರೂಪ. ಆದರೆ ಬಂದರೆ ಹೆಚ್ಚಾಗಿ ಬೆಳೆಯುವ ವಯಸ್ಸಿನವರಿಗೇ, ಅದೂ ಮಂಡಿಯ ಹತ್ತಿರವೇ ಬರುತ್ತದೆ. ಆಗ ಅವರಿಗೆ 18 ವರ್ಷ. ಮಂಡಿಯಿಂದ ಸುಮಾರು 15 ಸೆಂಟಿಮೀಟರ್ ಮೇಲಕ್ಕೆ ಕಾಲು ಕತ್ತರಿಸಿ ತೆಗೆದರು.

ಆಪರೇಷನ್ ಆದ್ರೆ ಎಲ್ಲ ಮುಗೀತು ಅಂತ ನಾವು ತಿಳಿದಿದ್ದೇವೆ. ಆದರೆ ಕಷ್ಟದ ಕೆಲಸ ಆಮೇಲೇ ಇರೋದು. ಮೂರೇ ವಾರದಲ್ಲಿ ಅವರು ಕೃತಕ ಕಾಲು ಹಾಕಿಕೊಂಡು ನಡೆಯಲು ಕಲಿತರು. 16 ತಿಂಗಳು ಕ್ಯಾನ್ಸರ್ ಔಷಧಿ ತೆಗೆದುಕೊಂಡರು, ಕೂದಲೆಲ್ಲ ಉದುರಿತು. ಗಾಲಿಕುರ್ಚಿಯಲ್ಲಿ ಕೂತು ಬಾಸ್ಕೆಟ್‌ಬಾಲ್ ಆಡಿದರು. ಆಮೇಲೆ ಓಡುವುದನ್ನು ಅಭ್ಯಾಸ ಮಾಡಿದರು. 1979ರಲ್ಲಿ 27 ಕಿಲೋಮೀಟರ್ ಓಟದಲ್ಲಿ ಎಲ್ಲರಿಗಿಂತ ಕೊನೆಗೆ ಬಂದರು. ಆದರೂ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ನರಳುತ್ತಿದ್ದ ಮಕ್ಕಳನ್ನು ಅವರು ಮರೆತಿರಲಿಲ್ಲ. ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ಇಡೀ ಕೆನಡಾ ದೇಶವನ್ನು ಓಡಿ ದಾಟಬೇಕು ಅಂತ 1980ರ ಏಪ್ರಿಲ್ 12ರಂದು ಹೊರಟರು. ದಿನಕ್ಕೆ ಸುಮಾರು 42 ಕಿಲೋಮೀಟರ್! ಅಂದರೆ ನಮ್ಮ ಎಂಟನೇ ಮೈಲಿಯಿಂದ ತುಮಕೂರು ರಸ್ತೆ ಹಿಡಿದು ದಾಬಸ್‌ಪೇಟೆ ದಾಟುವಷ್ಟು ದೂರ. ಕೃತಕ ಕಾಲಿನ ಸ್ಪ್ರಿಂಗ್ ಸರಿಯಾಗಿ ನಿಲ್ಲೋಕೆ ಸ್ವಲ್ಪ ಹೊತ್ತು ಬೇಕಾಗಿತ್ತು. ಅದಕ್ಕೆ ಎಡಗಾಲಲ್ಲಿ ಎರಡು ಸಲ ಕುಪ್ಪಳಿಸಿ ಓಡುತ್ತಿದ್ದರು. ಮೊಂಡುಗಾಲು ಉಜ್ಜಿ ಉಜ್ಜಿ ಗಾಯವಾಗಿ ರಕ್ತ ಬರುತ್ತಿತ್ತು.

143 ದಿನದಲ್ಲಿ 5,373 ಕಿಲೋಮೀಟರ್ ಓಡಿದ ಮೇಲೆ, ಸೆಪ್ಟೆಂಬರ್ 1ರಂದು ನಿಲ್ಲಿಸಬೇಕಾಯಿತು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. 1981ರ ಜೂನ್ 28ರಂದು ತೀರಿಕೊಂಡರು. ಅಷ್ಟರಲ್ಲಿ 2 ಕೋಟಿ 40 ಲಕ್ಷ ಡಾಲರಿಗಿಂತ ಹೆಚ್ಚು ಹಣ ಸೇರಿತ್ತು. ಅಂದರೆ ಕೆನಡಾದ ಒಬ್ಬೊಬ್ಬರಿಗೂ ಒಂದೊಂದು ಡಾಲರ್ ಲೆಕ್ಕ. ಇವತ್ತಿಗೂ ಪ್ರತಿ ವರ್ಷ ಅವರ ಹೆಸರಿನಲ್ಲಿ ಓಟ ನಡೆಯುತ್ತದೆ.

ಈಗ ಈ ಕಾಯಿಲೆಗೆ ಎಷ್ಟೋ ಜನರಿಗೆ ಕಾಲು ತೆಗೆಯುವುದಿಲ್ಲ. ಕೆಟ್ಟ ಮೂಳೆ ಮಾತ್ರ ತೆಗೆದು ಲೋಹದ್ದನ್ನು ಜೋಡಿಸುತ್ತಾರೆ. ಆಗಲೂ ಮಂಡಿ ಮಡಿಸೋದು, ಮೆಟ್ಟಿಲು ಹತ್ತೋದು ಎಲ್ಲ ಫಿಜಿಯೋಥೆರಪಿ ಮಾಡಿ ಹೊಸದಾಗಿ ಕಲಿಯಬೇಕು. ಕ್ಯಾನ್ಸರ್ ಬಂದ ಮೂಳೆ ಸುಲಭವಾಗಿ ಮುರಿಯುತ್ತದೆ. ಅದಕ್ಕೇ ವ್ಯಾಯಾಮವನ್ನು ಡಾಕ್ಟರು ಹೇಳಿದಷ್ಟೇ ಮಾಡಬೇಕು. ನಮ್ಮ ಬೆಂಗಳೂರಿನಲ್ಲೂ 1973ರಲ್ಲಿ ಆರಂಭವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ.

ಸ್ನೇಹಿತರೇ, ಎಲ್ಲಾ ಮಂಡಿ ನೋವೂ ಕ್ಯಾನ್ಸರ್ ಅಲ್ಲ, ಹೆದರಬೇಡಿ. ಆದರೆ ನೋವು ವಾರಗಟ್ಟಲೆ ಇದ್ದರೆ, ರಾತ್ರಿ ಹೆಚ್ಚಾದರೆ, ಊತ ಬಂದರೆ ಎಣ್ಣೆ ತಿಕ್ಕಿ ಸುಮ್ಮನಿರಬೇಡಿ. ಮನೆಯಲ್ಲಿ ಹೇಳಿ. ಊರುಗೋಲು ಹಿಡಿದು ಯಾರಾದರೂ ನಮ್ಮ ಶಾಲೆಗೆ ಬಂದರೆ ಅಯ್ಯೋ ಪಾಪ ಅನ್ನೋದು ಬೇಡ. ಆಟಕ್ಕೆ ಕರೆಯೋಣ.

– 7ನೇ ತರಗತಿ, ಬಾಗಲಗುಂಟೆ